ಕ್ರೀಡಾ ಕಾರುಗಳ ಮಾರ್ಪಾಡು

ಕ್ರೀಡಾ ಕಾರುಗಳ ಮಾರ್ಪಾಡು ಎಂದರೆ ಕಾರ್ಖಾನೆಯಿಂದ ಹೊರಬಂದ ಕಾರಿನ ಎಂಜಿನ್, ಬ್ರೇಕು, ಸಸ್ಪೆನ್ಶನ್, ಚಕ್ರ, ಹೊರಮೈ ಮೊದಲಾದ ಭಾಗಗಳನ್ನು ಅನ್ಯ ಸಂಸ್ಥೆಗಳು ತಯಾರಿಸಿದ ಬಿಡಿಭಾಗಗಳಿಂದ ಬದಲಾಯಿಸುವುದು ಅಥವಾ ಕಾರಿಗೆ ಹೊಸ ಭಾಗಗಳನ್ನು ಸೇರಿಸುವುದು. ವೇಗ, ತಿರುವಿನಲ್ಲಿ ರಸ್ತೆಯ ಮೇಲಿನ ಹಿಡಿತ, ನೋಟ, ಧ್ವನಿ ಇವುಗಳಲ್ಲಿ ಒಂದನ್ನೋ ಹಲವನ್ನೋ ಹೆಚ್ಚಿಸುವುದು ಇದರ ಉದ್ದೇಶ. ಇದಕ್ಕೆ ಕೆಲವೊಮ್ಮೆ ಕಾರಿನ ಬೆಲೆಯಷ್ಟೇ ಹಣ ವ್ಯಯವಾಗುವುದುಂಟು. ಆದುದರಿಂದ ಈ ವೆಚ್ಚವು ಸಾರ್ಥಕವೇ ಎಂಬ ಪ್ರಶ್ನೆ ವಾಹನಾಸಕ್ತರಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದೆ. ಕಾರನ್ನು ಎಲ್ಲಿ ಮತ್ತು ಯಾವ ಉದ್ದೇಶಕ್ಕೆ ಬಳಸಲಾಗುತ್ತದೆ ಎಂಬುದರ ಮೇಲೆ ಇದರ ಉತ್ತರ ನಿಂತಿದೆ. ಸಾರ್ವಜನಿಕ ರಸ್ತೆಯಲ್ಲಿ ಓಡುವ ಕಾರಿಗೆ ಉತ್ತಮ ಟೈರು, ಹೊಸ ಬ್ರೇಕ್ ದ್ರವ, ಚಕ್ರಗಳ ಸರಿಯಾದ ಅಲೈನ್‌ಮೆಂಟ್ ಮುಂತಾದ ಅಲ್ಪವೆಚ್ಚದ ಕ್ರಮಗಳಿಂದ ದೊರೆಯುವ ಪ್ರಯೋಜನವು, ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವ ದುಬಾರಿ ಮಾರ್ಪಾಡುಗಳ ಪ್ರಯೋಜನಕ್ಕಿಂತ ಸಾಮಾನ್ಯವಾಗಿ ಹೆಚ್ಚಿನದಾಗಿರುತ್ತದೆ.

ಇತಿಹಾಸ

ಕಾರುಗಳನ್ನು ಮಾರ್ಪಡಿಸುವ ಹವ್ಯಾಸವು ಮೋಟಾರು ಸ್ಪರ್ಧೆಗಳಷ್ಟೇ ಹಳೆಯದು. 1930ರ ದಶಕದಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಫೋರ್ಡ್ ಕಾರುಗಳ ಅನಗತ್ಯ ಭಾಗಗಳನ್ನು ಕಳಚಿ, ಎಂಜಿನ್‌ಗಳನ್ನು ತಿದ್ದಿ, ಒಣಗಿದ ಸರೋವರಗಳ ವಿಶಾಲ ಪಾತ್ರದಲ್ಲಿ ಅವುಗಳ ವೇಗವನ್ನು ಪರೀಕ್ಷಿಸುತ್ತಿದ್ದರು. ಇಂಥ ಕಾರುಗಳಿಗೆ 'ಹಾಟ್ ರಾಡ್' ಎಂಬ ಹೆಸರು ಬಂದಿತು. ಈ ಹವ್ಯಾಸದಿಂದ ಬೆಳೆದ ಬಿಡಿಭಾಗ ಉದ್ಯಮವು 1963ರಲ್ಲಿ 'ಸೆಮಾ' ಎಂಬ ಸಂಘವನ್ನು ಸ್ಥಾಪಿಸಿಕೊಂಡಿತು. ಈ ಸಂಘವು ಲಾಸ್ ವೇಗಸ್ ನಗರದಲ್ಲಿ ಪ್ರತಿವರ್ಷ ನಡೆಸುವ ಪ್ರದರ್ಶನವು ಈ ಕ್ಷೇತ್ರದ ಪ್ರಮುಖ ಪ್ರದರ್ಶನಗಳಲ್ಲೊಂದು.

ಯೂರೋಪಿನಲ್ಲಿ ಕಾರ್ಲೋ ಅಬಾರ್ತ್ 1949ರಲ್ಲಿ ಇಟಲಿಯಲ್ಲಿ ಸ್ಥಾಪಿಸಿದ ಸಂಸ್ಥೆಯು ಸೈಲೆನ್ಸರ್‌ಗಳಿಂದಲೂ, ಸಣ್ಣ ಫಿಯಟ್ ಕಾರುಗಳನ್ನು ವೇಗದ ಕಾರುಗಳನ್ನಾಗಿ ಪರಿವರ್ತಿಸುವುದರಿಂದಲೂ ಖ್ಯಾತವಾಯಿತು. 1971ರಲ್ಲಿ ಫಿಯಟ್ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಬ್ರಿಟನ್ನಿನಲ್ಲಿ ರೇಸ್ ಕಾರುಗಳ ನಿರ್ಮಾಪಕ ಜಾನ್ ಕೂಪರ್ ಅವರ ಪ್ರಯತ್ನದಿಂದ 1961ರಲ್ಲಿ ಮಿನಿ ಕೂಪರ್ ಮಾರುಕಟ್ಟೆಗೆ ಬಂದಿತು. ಕುಟುಂಬಗಳಿಗಾಗಿ ರೂಪಿಸಿದ್ದ ಆ ಪುಟ್ಟ ಕಾರು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿಯನ್ನು ಗೆದ್ದಿತು. ಜರ್ಮನಿಯಲ್ಲಿ 1967ರಲ್ಲಿ ಆರಂಭವಾದ ಎಎಂಜಿ ಸಂಸ್ಥೆಯು ಮರ್ಸಿಡಿಸ್-ಬೆಂಜ್ ಕಾರುಗಳನ್ನು ಮಾರ್ಪಡಿಸುತ್ತಿತ್ತು. ಮುಂದೆ ಅದು ಅದೇ ಕಂಪನಿಯ ಅಂಗವಾಯಿತು. ಪೋರ್ಷೆ ಕಾರುಗಳನ್ನು ಆಧರಿಸಿ ಕೆಲಸ ಮಾಡುವ ಜರ್ಮನಿಯ ರೂಫ್ ಸಂಸ್ಥೆಯು ಸ್ವತಂತ್ರ ವಾಹನ ತಯಾರಕನೆಂಬ ಮಾನ್ಯತೆಯನ್ನೇ ಪಡೆದಿದೆ.

ಜಪಾನಿನಲ್ಲಿ ಈ ಸಂಸ್ಕೃತಿ ಬೆಳೆಯಲು ಒಂದು ವಿಶಿಷ್ಟ ಕಾರಣವೂ ಇತ್ತು. ಅಲ್ಲಿನ ತಯಾರಕರು ಸುಮಾರು 1989ರಿಂದ 2004ರವರೆಗೆ ಸ್ವದೇಶದಲ್ಲಿ ಮಾರುವ ಕಾರುಗಳ ಶಕ್ತಿಯು 280 ಅಶ್ವಶಕ್ತಿಯನ್ನು ಮೀರಬಾರದೆಂದು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದರು. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಟೊಯೋಟಾ ಸುಪ್ರಾ ಮೊದಲಾದ ಕಾರುಗಳ ಎಂಜಿನ್‌ಗಳು ಅದಕ್ಕಿಂತ ಬಹಳ ಹೆಚ್ಚಿನ ಶಕ್ತಿಯನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಿದ್ದವು. 1993ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಸುಪ್ರಾದ ಮೂರು ಲೀಟರಿನ, ಎರಡು ಟರ್ಬೋಚಾರ್ಜರುಗಳ ಎಂಜಿನ್ನಿನ ಮುಖ್ಯ ಅಚ್ಚು ಎರಕದ ಕಬ್ಬಿಣದ್ದಾಗಿತ್ತು. ತಯಾರಕರು ಬಳಸದೆ ಬಿಟ್ಟಿದ್ದ ಈ ಸಾಮರ್ಥ್ಯವನ್ನು ಹೊರತೆಗೆಯುವುದೇ ಮಾರ್ಪಾಡುಗಾರರ ಕಸುಬಾಯಿತು.

ಮಾರ್ಪಾಡಿನ ವಿಧಗಳು ಮತ್ತು ಅವುಗಳ ಪರಿಣಾಮ

ಎಂಜಿನ್

ಎಂಜಿನ್ ಎಷ್ಟು ಗಾಳಿಯನ್ನು ಒಳಗೆಳೆದುಕೊಂಡು, ಅದಕ್ಕೆ ತಕ್ಕ ಇಂಧನವನ್ನು ಎಷ್ಟು ಸಮರ್ಪಕವಾಗಿ ಉರಿಸಬಲ್ಲದು ಎಂಬುದರ ಮೇಲೆ ಅದರ ಶಕ್ತಿ ನಿರ್ಧಾರವಾಗುತ್ತದೆ. ಟರ್ಬೋಚಾರ್ಜರ್ ಇಲ್ಲದ ಎಂಜಿನ್‌ಗೆ ಹೊಸ ಗಾಳಿ ಶೋಧಕ, ಅಗಲವಾದ ಹೊಗೆಕೊಳವೆ ಮುಂತಾದವನ್ನು ಜೋಡಿಸಿದರೆ ಸಾಮಾನ್ಯವಾಗಿ ಕೆಲವೇ ಅಶ್ವಶಕ್ತಿ ಹೆಚ್ಚುತ್ತದೆ. ಧ್ವನಿಯಲ್ಲಾಗುವ ಬದಲಾವಣೆಯು ಶಕ್ತಿಯಲ್ಲಾಗುವ ಬದಲಾವಣೆಗಿಂತ ಎದ್ದು ಕಾಣುತ್ತದೆ. ಅನೇಕರಿಗೆ ಕಾರು ವೇಗವಾಯಿತೆಂಬ ಭಾವನೆ ಬರುವುದು ಈ ಧ್ವನಿಯಿಂದಲೇ.

ಟರ್ಬೋಚಾರ್ಜರ್ ಇರುವ ಎಂಜಿನ್‌ಗಳ ವಿಷಯ ಬೇರೆ. ಅವುಗಳಲ್ಲಿ ಎಂಜಿನ್ ನಿಯಂತ್ರಣ ಘಟಕದ ತಂತ್ರಾಂಶವನ್ನು ಬದಲಾಯಿಸಿ ಗಾಳಿಯ ಒತ್ತಡವನ್ನು ಹೆಚ್ಚಿಸಿದರೆ ಶಕ್ತಿಯು ಗಣನೀಯವಾಗಿ ಏರುತ್ತದೆ. ಒತ್ತಡ ಮತ್ತು ಉಷ್ಣತೆ ಮಿತಿಮೀರಿದಾಗ ಸಿಲಿಂಡರಿನೊಳಗಿನ ಇಂಧನವು ನಿಯಂತ್ರಣ ತಪ್ಪಿ ಸ್ಫೋಟಿಸುತ್ತದೆ. ನಾಕಿಂಗ್ ಎಂದು ಕರೆಯಲಾಗುವ ಈ ಕ್ರಿಯೆಯು ಪಿಸ್ಟನ್‌ಗಳನ್ನು ಒಡೆದುಹಾಕಬಲ್ಲದು. ಹೆಚ್ಚಿನ ಆಕ್ಟೇನ್ ಪೆಟ್ರೋಲನ್ನು ಅವಲಂಬಿಸಿ ರೂಪಿಸಿದ ತಂತ್ರಾಂಶವನ್ನು ಸಾಧಾರಣ ಪೆಟ್ರೋಲು ಮಾತ್ರ ದೊರೆಯುವ ಊರಿನಲ್ಲಿ ಬಳಸುವುದು ಅಪಾಯಕರ.

ಜಾಹೀರಾತುಗಳಲ್ಲಿ ಕಾಣುವ 'ಮೊದಲ ಹಂತ', 'ಎರಡನೆಯ ಹಂತ' ಎಂಬ ವರ್ಗೀಕರಣಕ್ಕೆ ಸರ್ವಸಮ್ಮತವಾದ ಮಾನದಂಡವಿಲ್ಲ. ಒಂದೊಂದು ಸಂಸ್ಥೆಯೂ ತನಗೆ ಬೇಕಾದ ಅರ್ಥದಲ್ಲಿ ಅದನ್ನು ಬಳಸುತ್ತದೆ. ಶಕ್ತಿಯನ್ನು ಅಳೆಯುವ ಡೈನಮೋಮೀಟರ್‌ಗಳ ಫಲಿತಾಂಶವೂ ಯಂತ್ರದಿಂದ ಯಂತ್ರಕ್ಕೆ, ದಿನದ ಉಷ್ಣತೆಗೆ ತಕ್ಕಂತೆ ವ್ಯತ್ಯಾಸವಾಗುತ್ತದೆ. ಚಕ್ರಗಳಲ್ಲಿ ಅಳೆದ ಶಕ್ತಿಯು, ಗೇರ್‌ಬಾಕ್ಸ್ ಮೊದಲಾದವುಗಳಲ್ಲಿ ಆಗುವ ನಷ್ಟದಿಂದಾಗಿ, ಎಂಜಿನ್ನಿನಲ್ಲಿ ಅಳೆದ ಶಕ್ತಿಗಿಂತ ಕಡಿಮೆಯಿರುತ್ತದೆ. ಆದ್ದರಿಂದ ಮಾರ್ಪಾಡಿಗೆ ಮುಂಚೆ ಮತ್ತು ಅನಂತರ ಒಂದೇ ಯಂತ್ರದಲ್ಲಿ ಅಳೆದ ಅಂಕಿಗಳನ್ನು ಮಾತ್ರ ಪರಸ್ಪರ ಹೋಲಿಸಬಹುದು.

ಶಕ್ತಿ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಗರಿಷ್ಠ ವೇಗವು ಹೆಚ್ಚುವುದಿಲ್ಲ. ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಈ ಲೆಕ್ಕದಂತೆ ಎಂಜಿನ್ನಿನ ಶಕ್ತಿಯನ್ನು ಇಮ್ಮಡಿಗೊಳಿಸಿದರೂ ಗರಿಷ್ಠ ವೇಗವು ಸುಮಾರು ನೂರಕ್ಕೆ 26ರಷ್ಟು ಮಾತ್ರ ಹೆಚ್ಚುತ್ತದೆ.

ಟೈರುಗಳು

ಕಾರಿಗೂ ರಸ್ತೆಗೂ ಇರುವ ಸಂಪರ್ಕವು ನಾಲ್ಕು ಟೈರುಗಳ ಅಂಗೈಯಗಲದ ಭಾಗಗಳಿಂದ ಮಾತ್ರ. ವೇಗ ಹೆಚ್ಚಿಸುವುದು, ತಿರುಗಿಸುವುದು, ನಿಲ್ಲಿಸುವುದು ಈ ಮೂರೂ ಕ್ರಿಯೆಗಳು ಆ ಸಂಪರ್ಕದ ಹಿಡಿತವನ್ನು ಮೀರಲಾರವು. ಆದುದರಿಂದ ಉತ್ತಮ ಟೈರುಗಳಿಗೆ ಮಾಡಿದ ವೆಚ್ಚವು ಕಾರಿನ ಎಲ್ಲ ಗುಣಗಳನ್ನೂ ಏಕಕಾಲದಲ್ಲಿ ಸುಧಾರಿಸುತ್ತದೆ. ಆದರೆ ಸ್ಪರ್ಧೆಗಾಗಿ ತಯಾರಿಸಿದ, ಗೀರುಗಳು ಕಡಿಮೆಯಿರುವ ಟೈರುಗಳು ಮಳೆನೀರನ್ನು ಹೊರಹಾಕಲಾರದೆ ಜಾರುತ್ತವೆ. ಮಳೆಗಾಲದ ರಸ್ತೆಗೆ ಅವು ಸಲ್ಲವು.

ಬ್ರೇಕುಗಳು

ಚಲಿಸುವ ಕಾರಿನ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಬದಲು 120 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರನ್ನು ನಿಲ್ಲಿಸಲು ಬ್ರೇಕುಗಳು ನೂರಕ್ಕೆ 44ರಷ್ಟು ಹೆಚ್ಚು ಶಕ್ತಿಯನ್ನು ಉಷ್ಣವಾಗಿ ಪರಿವರ್ತಿಸಬೇಕಾಗುತ್ತದೆ. ಹಾಗೆಂದ ಮಾತ್ರಕ್ಕೆ ದೊಡ್ಡ ಡಿಸ್ಕುಗಳನ್ನು ಅಳವಡಿಸಿದೊಡನೆ ಕಾರು ಕಡಿಮೆ ದೂರದಲ್ಲಿ ನಿಲ್ಲುವುದಿಲ್ಲ. ಈಗಿರುವ ಬ್ರೇಕುಗಳೇ ಚಕ್ರದ ತಿರುಗಾಟವನ್ನು ತಡೆದು ನಿಲ್ಲಿಸುವಷ್ಟು ಬಲವಾಗಿದ್ದರೆ, ನಿಲ್ಲುವ ದೂರವನ್ನು ನಿರ್ಧರಿಸುವುದು ಟೈರಿನ ಹಿಡಿತ. ದೊಡ್ಡ ಡಿಸ್ಕುಗಳ ಪ್ರಯೋಜನ ಕಾಣುವುದು ರೇಸ್ ಪಥದಲ್ಲಿ ಮತ್ತೆಮತ್ತೆ ಬ್ರೇಕ್ ಹಾಕುವಾಗ. ಅಲ್ಲಿ ಅವು ಉಷ್ಣವನ್ನು ತಾಳಿಕೊಂಡು, ಬೇಗ ಹೊರಹಾಕುತ್ತವೆ.

ಬ್ರೇಕ್ ದ್ರವದ ಪಾತ್ರವನ್ನು ಅನೇಕರು ಗಮನಿಸುವುದಿಲ್ಲ. ಡಾಟ್ 4 ವರ್ಗದ ಹೊಸ ದ್ರವದ ಕುದಿಬಿಂದುವು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದೆ. ಈ ದ್ರವವು ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ನಿಗದಿತ ಪ್ರಮಾಣದ ತೇವಾಂಶ ಸೇರಿದಾಗ ಇರಬೇಕಾದ ಕನಿಷ್ಠ ಕುದಿಬಿಂದು 155 ಡಿಗ್ರಿ ಮಾತ್ರ. ದ್ರವ ಕುದಿದು ಕೊಳವೆಯಲ್ಲಿ ಆವಿ ತುಂಬಿದರೆ ಪೆಡಲು ಮೆತ್ತಗಾಗಿ ಕೆಳಗಿಳಿಯುತ್ತದೆ, ಬ್ರೇಕು ಹಿಡಿಯುವುದಿಲ್ಲ. ಹಳೆಯ ದ್ರವವನ್ನು ಬದಲಾಯಿಸುವ ಅಲ್ಪ ವೆಚ್ಚವು ಈ ಅಪಾಯವನ್ನು ತಪ್ಪಿಸುತ್ತದೆ. ಸ್ಪರ್ಧೆಗೆಂದೇ ಮಾಡಿದ ಬ್ರೇಕ್ ಪ್ಯಾಡುಗಳು ಚೆನ್ನಾಗಿ ಬಿಸಿಯಾದ ಮೇಲೆಯೇ ಸರಿಯಾಗಿ ಹಿಡಿಯುವುದರಿಂದ ದಿನನಿತ್ಯದ ಸಂಚಾರಕ್ಕೆ ಅವು ಸೂಕ್ತವಲ್ಲ.

ಸಸ್ಪೆನ್ಶನ್

ಗಡಸು ಸ್ಪ್ರಿಂಗುಗಳು ಮತ್ತು ಷಾಕ್ ಅಬ್ಸಾರ್ಬರುಗಳು ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲುವುದನ್ನು ಕಡಿಮೆ ಮಾಡುತ್ತವೆ. ನುಣುಪಾದ ಪಥದಲ್ಲಿ ಇದು ಗುಣ. ಉಬ್ಬುತಗ್ಗುಗಳ ರಸ್ತೆಯಲ್ಲಿ ಅದೇ ದೋಷವಾಗುತ್ತದೆ. ಚಕ್ರವು ನೆಲವನ್ನು ಅನುಸರಿಸಲಾರದೆ ಪುಟಿಯುವುದರಿಂದ ಹಿಡಿತ ತಪ್ಪುತ್ತದೆ. ನೋಟದ ಸಲುವಾಗಿ ಸ್ಪ್ರಿಂಗುಗಳನ್ನು ಕತ್ತರಿಸಿ ಕಾರನ್ನು ತಗ್ಗಿಸುವ ಪದ್ಧತಿಯು ತೀರ ಅಪಾಯಕಾರಿ. ಇದರಿಂದ ಸಸ್ಪೆನ್ಶನ್ನಿನ ಚಲನೆಯ ಅವಕಾಶ ಕುಗ್ಗುತ್ತದೆ, ಚಕ್ರದ ಕೋನಗಳು ಕೆಡುತ್ತವೆ, ಟೈರುಗಳು ಒಂದೇ ಕಡೆ ಸವೆಯುತ್ತವೆ.

ತೂಕ ಮತ್ತು ಹೊರಮೈ

ತೂಕವನ್ನು ಇಳಿಸುವುದರಿಂದ ವೇಗವರ್ಧನೆ, ಬ್ರೇಕು, ತಿರುವು ಎಲ್ಲವೂ ಸುಧಾರಿಸುತ್ತವೆ. ಹಗುರವಾದ ಚಕ್ರಗಳು ಸಸ್ಪೆನ್ಶನ್ನಿನ ಹೊರೆಯನ್ನೂ ತಗ್ಗಿಸುತ್ತವೆ. ಆದರೆ ಕಡಿಮೆ ಬೆಲೆಯ ಕಳಪೆ ಚಕ್ರಗಳು ಗುಂಡಿಗೆ ಬಿದ್ದಾಗ ಬಿರುಕು ಬಿಡುವ ಸಂಭವವಿದೆ. ಹಿಂಭಾಗದ ರೆಕ್ಕೆಯು ಉಂಟುಮಾಡುವ ಕೆಳಮುಖ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 180 ಕಿ.ಮೀ. ವೇಗದಲ್ಲಿ ದೊರೆಯುವ ಒತ್ತಡದ ಒಂಬತ್ತನೆಯ ಒಂದು ಭಾಗ ಮಾತ್ರ 60 ಕಿ.ಮೀ. ವೇಗದಲ್ಲಿ ದೊರೆಯುತ್ತದೆ. ಹೀಗಾಗಿ ನಗರದಲ್ಲಿ ಓಡುವ ಕಾರಿಗೆ ರೆಕ್ಕೆಯು ಬಹುಮಟ್ಟಿಗೆ ಅಲಂಕಾರವೇ ಸರಿ.

ನಿದರ್ಶನ: ಮಜ್ದಾ ಎಂಎಕ್ಸ್-5

ಮಾರ್ಪಾಡಿನ ಲಾಭನಷ್ಟಗಳನ್ನು ತಿಳಿಯಲು ಮಜ್ದಾ ಎಂಎಕ್ಸ್-5 ಉತ್ತಮ ನಿದರ್ಶನ. ಸ್ವರಾಜ್ ಮಜ್ದಾ ವಾಹನಗಳ ಮೂಲಕ ಭಾರತದಲ್ಲಿ ಹೆಸರು ಪರಿಚಿತವಾದ ಜಪಾನಿನ ಮಜ್ದಾ ಸಂಸ್ಥೆಯು ಈ ತೆರೆದ ಛಾವಣಿಯ, ಎರಡು ಆಸನಗಳ ಕಾರನ್ನು 1989ರ ಫೆಬ್ರವರಿಯಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಅನಾವರಣಗೊಳಿಸಿತು. ಅಮೆರಿಕದಲ್ಲಿ ಇದು 'ಮಿಯಾಟಾ' ಎಂದು ಪ್ರಸಿದ್ಧ. ಅತಿ ಹೆಚ್ಚು ಮಾರಾಟವಾದ ಎರಡು ಆಸನಗಳ ಕ್ರೀಡಾ ಕಾರೆಂಬ ಗಿನ್ನೆಸ್ ದಾಖಲೆ ಇದರ ಹೆಸರಿನಲ್ಲಿದೆ. 2016ರಲ್ಲಿ ಇದರ ಉತ್ಪಾದನೆಯು ಹತ್ತು ಲಕ್ಷವನ್ನು ತಲುಪಿತು.

ಮೊದಲ ತಲೆಮಾರಿನ ಕಾರು 1.6 ಲೀಟರಿನ ಎಂಜಿನ್, ಸುಮಾರು 115 ಅಶ್ವಶಕ್ತಿ ಮತ್ತು ಸುಮಾರು 960 ಕಿ.ಗ್ರಾಂ. ತೂಕವನ್ನು ಹೊಂದಿತ್ತು. ಅಂದರೆ ಒಂದು ಟನ್ನಿಗೆ ಸುಮಾರು 120 ಅಶ್ವಶಕ್ತಿ. ಈ ಕಾರಿನಿಂದ 60 ಕಿ.ಗ್ರಾಂ. ತೂಕವನ್ನು ಇಳಿಸಿದರೆ ಆ ಪ್ರಮಾಣವು ಟನ್ನಿಗೆ ಸುಮಾರು 128 ಆಗುತ್ತದೆ. ತೂಕವನ್ನು ಹಾಗೆಯೇ ಇಟ್ಟು ಇದೇ ಪ್ರಮಾಣವನ್ನು ಸಾಧಿಸಬೇಕಾದರೆ ಎಂಜಿನ್‌ಗೆ ಸುಮಾರು 8 ಅಶ್ವಶಕ್ತಿಯನ್ನು ಸೇರಿಸಬೇಕಾಗುತ್ತದೆ.

ಈ ಕಾರಿಗೆ ಟರ್ಬೋಚಾರ್ಜರ್ ಜೋಡಿಸುವವರು ಅನೇಕರಿದ್ದಾರೆ. ಆದರೆ ಅವರ ವೆಚ್ಚವು ಟರ್ಬೋಚಾರ್ಜರಿನ ಬೆಲೆಗೇ ನಿಲ್ಲುವುದಿಲ್ಲ. ಹೆಚ್ಚಿದ ಉಷ್ಣಕ್ಕೆ ದೊಡ್ಡ ರೇಡಿಯೇಟರ್, ಹೆಚ್ಚಿದ ತಿರುಚುಬಲಕ್ಕೆ ಗಟ್ಟಿಯಾದ ಕ್ಲಚ್, ಹೆಚ್ಚಿದ ವೇಗಕ್ಕೆ ಉತ್ತಮ ಬ್ರೇಕು ಬೇಕಾಗುತ್ತವೆ. 1.6 ಲೀಟರಿನ ಕಾರುಗಳ ಡಿಫರೆನ್ಷಿಯಲ್ ಚಿಕ್ಕದಾಗಿದ್ದು, ಹೆಚ್ಚಿನ ಶಕ್ತಿಯನ್ನು ತಾಳಲಾರದೆಂಬುದು ಹವ್ಯಾಸಿಗಳಿಗೆಲ್ಲ ತಿಳಿದ ವಿಷಯ. ಆದ್ದರಿಂದ ಮುಂದೆ ಬಂದ 1.8 ಲೀಟರಿನ ಕಾರಿನ ಡಿಫರೆನ್ಷಿಯಲ್ಲನ್ನು ತಂದು ಜೋಡಿಸುತ್ತಾರೆ. ಒಂದು ಭಾಗದ ಬಲವರ್ಧನೆಯು ಅದರ ಪಕ್ಕದ ಭಾಗದ ದೌರ್ಬಲ್ಯವನ್ನು ಹೊರಗೆಡಹುತ್ತದೆ ಎಂಬ ತತ್ತ್ವಕ್ಕೆ ಇದು ಉದಾಹರಣೆ. ಕಾರ್ಖಾನೆಯ ಎಂಜಿನಿಯರುಗಳು ಎಲ್ಲ ಭಾಗಗಳನ್ನೂ ಪರಸ್ಪರ ಹೊಂದುವಂತೆ ರೂಪಿಸಿರುತ್ತಾರೆ. ಒಂದನ್ನು ಬದಲಾಯಿಸಿದವನು ಆ ಹೊಂದಾಣಿಕೆಯ ಹೊಣೆಯನ್ನೂ ತಾನೇ ಹೊರಬೇಕಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾದ ದಾರಿಯನ್ನು ಅಮೆರಿಕದ 'ಸ್ಪೆಕ್ ಮಿಯಾಟಾ' ಎಂಬ ಸ್ಪರ್ಧಾವರ್ಗವು ತೋರಿಸುತ್ತದೆ. ಇದರಲ್ಲಿ ಎಂಜಿನ್ನಿನ ಮಾರ್ಪಾಡಿಗೆ ಕಟ್ಟುನಿಟ್ಟಾದ ಮಿತಿಯಿದೆ. ಸುರಕ್ಷಾ ಪಂಜರ ಕಡ್ಡಾಯ. ಸಸ್ಪೆನ್ಶನ್ ಮತ್ತು ಟೈರುಗಳು ನಿಯಮದಲ್ಲಿ ಹೇಳಿದಂತೆಯೇ ಇರಬೇಕು. ಕಾರುಗಳು ಬಹುಮಟ್ಟಿಗೆ ಸಮಾನವಾಗಿರುವುದರಿಂದ ಗೆಲುವನ್ನು ನಿರ್ಧರಿಸುವಲ್ಲಿ ಚಾಲಕನ ಕೌಶಲವು ಪ್ರಧಾನವಾಗುತ್ತದೆ. ಒಂದೇ ಬಗೆಯ ಕಾರಿನಲ್ಲಿ ಒಬ್ಬನು ಮುಂದೆ, ಇನ್ನೊಬ್ಬನು ಬಹಳ ಹಿಂದೆ ಉಳಿಯುವುದನ್ನು ನೋಡಿದವರಿಗೆ, ತರಬೇತಿಗಾಗಿ ಮಾಡಿದ ವೆಚ್ಚದ ಬೆಲೆ ಅರ್ಥವಾಗುತ್ತದೆ.

ವೆಚ್ಚ ಮತ್ತು ಮರುಮಾರಾಟದ ಮೌಲ್ಯ

ಮಾರ್ಪಾಡಿಗೆ ಸುರಿದ ಹಣವು ಕಾರನ್ನು ಮಾರುವಾಗ ಪೂರ್ಣವಾಗಿ ಹಿಂದಿರುಗುವುದು ಅಪರೂಪ. ಕೊಳ್ಳುವವನ ಅಭಿರುಚಿ ಬೇರೆಯಿರಬಹುದು. ಮಾರ್ಪಡಿಸಿದ ಕಾರನ್ನು ಹಿಂದಿನ ಮಾಲೀಕ ಒರಟಾಗಿ ಓಡಿಸಿರಬಹುದೆಂಬ ಶಂಕೆಯೂ ಇರುತ್ತದೆ. ಸಂಗ್ರಹಕಾರರು ಮೂಲ ಸ್ಥಿತಿಯಲ್ಲಿ ಉಳಿದ ಕಾರುಗಳಿಗೆ ಹೆಚ್ಚಿನ ಬೆಲೆ ಕೊಡುತ್ತಾರೆ. ಈ ಕಾರಣದಿಂದ ಅನುಭವಿ ಮಾಲೀಕರು ಕಳಚಿದ ಮೂಲ ಭಾಗಗಳನ್ನು ಜೋಪಾನವಾಗಿಟ್ಟು, ಮಾರುವಾಗ ಅವನ್ನೇ ಮರಳಿ ಜೋಡಿಸಿ, ಬಿಡಿಭಾಗಗಳನ್ನು ಪ್ರತ್ಯೇಕವಾಗಿ ಮಾರುತ್ತಾರೆ.

ಇದಕ್ಕೆ ಅಪವಾದಗಳೂ ಇವೆ. ರೂಫ್‌ನಂಥ ಮಾನ್ಯತೆ ಪಡೆದ ಸಂಸ್ಥೆಗಳ ಕಾರುಗಳಿಗೆ ಸಂಗ್ರಹಕಾರರಲ್ಲಿ ಬೇಡಿಕೆಯಿದೆ. 2001ರ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಚಲನಚಿತ್ರದಲ್ಲಿ ಬಳಸಿದ, ಕಿತ್ತಳೆ ಬಣ್ಣದ ಮಾರ್ಪಡಿತ ಟೊಯೋಟಾ ಸುಪ್ರಾ 2021ರ ಹರಾಜಿನಲ್ಲಿ 5,50,000 ಡಾಲರುಗಳಿಗೆ ಮಾರಾಟವಾಯಿತು. ಆದರೆ ಆ ಬೆಲೆಯು ಸಂದದ್ದು ಚಿತ್ರದ ಖ್ಯಾತಿಗೆ. ಅದನ್ನು ನೋಡಿ ಅದೇ ಬಿಡಿಭಾಗಗಳನ್ನು ತನ್ನ ಕಾರಿಗೆ ಜೋಡಿಸಿದವನಿಗೆ ಅಂಥ ಬೆಲೆ ದೊರೆಯದು.

ಕಾನೂನು

ಮಾರ್ಪಾಡಿನ ಬಗೆಗಿನ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಜರ್ಮನಿಯಲ್ಲಿ ಮಾರ್ಪಾಡಿಗೆ ಅವಕಾಶವಿದೆ. ಆದರೆ ಬಿಡಿಭಾಗಕ್ಕೆ ಮಾನ್ಯತೆಯ ಪತ್ರವಿರಬೇಕು, ಇಲ್ಲವೇ ಟ್ಯೂಫ್‌ನಂಥ ಸಂಸ್ಥೆಯ ತಜ್ಞರು ಪರೀಕ್ಷಿಸಿ ಒಪ್ಪಿದ ಬಳಿಕ ಬದಲಾವಣೆಯನ್ನು ವಾಹನದ ದಾಖಲೆಯಲ್ಲಿ ನಮೂದಿಸಬೇಕು. ಅಮೆರಿಕದಲ್ಲಿ ಹೊಗೆ ನಿಯಂತ್ರಣದ ಉಪಕರಣಗಳನ್ನು ಕಳಚುವುದು ಅಥವಾ ನಿಷ್ಕ್ರಿಯಗೊಳಿಸುವುದು ಸ್ವಚ್ಛ ಗಾಳಿ ಕಾಯಿದೆಯ ಪ್ರಕಾರ ನಿಷಿದ್ಧ.

ಭಾರತದ ಕಾನೂನು ಇವೆರಡಕ್ಕಿಂತ ಬಿಗಿಯಾಗಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರ ತೀರ್ಪಿನಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸಿಎನ್‌ಜಿ ಕಿಟ್ ಅಳವಡಿಕೆ, ಅಂಗವಿಕಲರ ಬಳಕೆಗಾಗಿ ಮಾಡುವ ಬದಲಾವಣೆ ಮೊದಲಾದವಕ್ಕೆ ನಿಯಮಾನುಸಾರ ಅವಕಾಶವಿದ್ದು, ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಅವನ್ನು ದಾಖಲಿಸಬೇಕು. ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಸಂಚಾರ ಪೊಲೀಸರು ಕರ್ಕಶ ಧ್ವನಿಯ ಸೈಲೆನ್ಸರುಗಳನ್ನು ವಶಪಡಿಸಿಕೊಂಡು ನಾಶಪಡಿಸುವ ಕಾರ್ಯಾಚರಣೆಗಳನ್ನು ನಡೆಸಿದ್ದಾರೆ.

ವೇಗದ ಆಸಕ್ತಿಗೆ ಭಾರತದಲ್ಲಿ ಶಾಸನಬದ್ಧವಾದ ಮಾರ್ಗವೆಂದರೆ ಸಂಘಟಿತ ಮೋಟಾರು ಕ್ರೀಡೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಮತ್ತು 2011ರಲ್ಲಿ ಆರಂಭವಾದ ಗ್ರೇಟರ್ ನೋಯ್ಡಾದ ಬುದ್ಧ್ ಅಂತರರಾಷ್ಟ್ರೀಯ ಸರ್ಕ್ಯೂಟ್ ಇದಕ್ಕಾಗಿರುವ ಪಥಗಳು. ಕರ್ನಾಟಕದ ಕೆ-1000 ರ‍್ಯಾಲಿಯು ದೇಶದ ಹೆಸರಾಂತ ರ‍್ಯಾಲಿಗಳಲ್ಲೊಂದು. ಇಂಥ ಸ್ಪರ್ಧೆಗಳಲ್ಲಿ ಕಾರಿನ ಮಾರ್ಪಾಡುಗಳನ್ನು ನಿಯಮಾವಳಿಯಂತೆ ತಪಾಸಣೆಗೆ ಒಳಪಡಿಸಲಾಗುತ್ತದೆ.

ವಿಮೆ, ವಾರಂಟಿ ಮತ್ತು ಸುರಕ್ಷತೆ

ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ, ಅಪಘಾತವಾದಾಗ ಪರಿಹಾರದ ಕೋರಿಕೆ ತಿರಸ್ಕೃತವಾಗುವ ಸಂಭವವಿದೆ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆಯು ಗ್ರಾಹಕರಿಗೆ ಒಂದು ರಕ್ಷಣೆಯನ್ನು ಒದಗಿಸಿದೆ. ಅನ್ಯ ಸಂಸ್ಥೆಯ ಬಿಡಿಭಾಗವನ್ನು ಬಳಸಿದ ಒಂದೇ ಕಾರಣಕ್ಕೆ ಅಲ್ಲಿ ವಾರಂಟಿಯನ್ನು ನಿರಾಕರಿಸುವಂತಿಲ್ಲ. ಆ ಭಾಗದಿಂದಲೇ ದೋಷ ಉಂಟಾಯಿತೆಂದು ತೋರಿಸಬೇಕಾಗುತ್ತದೆ. ಭಾರತದಲ್ಲಿ ವಾರಂಟಿಯ ಷರತ್ತುಗಳನ್ನು ಮೊದಲೇ ಓದಿ ತಿಳಿಯುವುದು ಅವಶ್ಯ.

ಸುರಕ್ಷಾ ಸಾಧನಗಳೂ ತಪ್ಪು ಸ್ಥಳದಲ್ಲಿ ಅಪಾಯ ತರಬಲ್ಲವು. ಸ್ಪರ್ಧೆಯ ಕಾರಿನ ಉಕ್ಕಿನ ಪಂಜರವು ಹೆಲ್ಮೆಟ್ ಧರಿಸಿ, ಬಹುಪಟ್ಟಿಯ ಬೆಲ್ಟಿನಿಂದ ಬಿಗಿದುಕೊಂಡ ಚಾಲಕನನ್ನು ಕಾಪಾಡುತ್ತದೆ. ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಹೋಗುವವನ ತಲೆ ಅದೇ ಪಂಜರದ ಕೊಳವೆಗೆ ಬಡಿಯಬಹುದು. ಏರ್‌ಬ್ಯಾಗ್ ಇರುವ ಸ್ಟಿಯರಿಂಗ್ ಚಕ್ರವನ್ನು ತೆಗೆದು ಚಿಕ್ಕ ಕ್ರೀಡಾ ಚಕ್ರವನ್ನು ಹಾಕುವುದೂ ಇದೇ ಬಗೆಯ ತಪ್ಪು.

ಸಾರ್ಥಕತೆಯ ವಿಮರ್ಶೆ

ಮಾರ್ಪಾಡನ್ನು ಸಮರ್ಥಿಸುವವರು ಅದನ್ನು ಹೂಡಿಕೆಯೆಂದು ನೋಡದೆ ಹವ್ಯಾಸವೆಂದು ಪರಿಗಣಿಸುತ್ತಾರೆ. ತನ್ನ ಕೈಯಾರೆ ಎಂಜಿನ್ ಬಿಚ್ಚಿ ಜೋಡಿಸಿದವನಿಗೆ ಯಂತ್ರಜ್ಞಾನ ಲಭಿಸುತ್ತದೆ, ಸಮಾನಾಸಕ್ತರ ಸ್ನೇಹ ಬೆಳೆಯುತ್ತದೆ. ಈ ಸಂತೋಷಕ್ಕೆ ಬೆಲೆ ಕಟ್ಟಲಾಗದೆಂಬ ಅವರ ವಾದದಲ್ಲಿ ಹುರುಳಿದೆ. ವಿರೋಧಿಸುವವರು, ಮಾರ್ಪಾಡಿಗೆ ಬೇಕಾಗುವ ಹಣವನ್ನು ಕಾರಿನ ಬೆಲೆಗೆ ಸೇರಿಸಿದರೆ ಕಾರ್ಖಾನೆಯಲ್ಲೇ ಪರೀಕ್ಷಿಸಲ್ಪಟ್ಟ, ವಾರಂಟಿ ಸಹಿತವಾದ ಇನ್ನೂ ಉತ್ತಮ ಕಾರನ್ನು ಕೊಳ್ಳಬಹುದೆಂದು ವಾದಿಸುತ್ತಾರೆ. ಕಾರಿನ ಬೆಲೆಯ ದೊಡ್ಡ ಪಾಲನ್ನು ಶಕ್ತಿವರ್ಧನೆಗೆ ಖರ್ಚು ಮಾಡುವ ಸಂದರ್ಭದಲ್ಲಿ ಈ ವಾದವು ಪ್ರಬಲವಾಗಿದೆ.

ಎರಡೂ ಪಕ್ಷದ ಅನುಭವಿಗಳು ಬಹುಮಟ್ಟಿಗೆ ಒಪ್ಪುವ ಕ್ರಮವೊಂದಿದೆ. ಮೊದಲು ಕಾರಿನ ಹಳೆಯ ದೋಷಗಳನ್ನು ಸರಿಪಡಿಸಿ, ಸವೆದ ಭಾಗಗಳನ್ನು ಬದಲಾಯಿಸಬೇಕು. ಅನಂತರ ಟೈರು, ಬ್ರೇಕ್ ದ್ರವ ಮತ್ತು ಪ್ಯಾಡುಗಳು, ಚಕ್ರಗಳ ಅಲೈನ್‌ಮೆಂಟ್. ಬಳಿಕ ಚಾಲನಾ ತರಬೇತಿ. ಕಾನೂನು ಅನುಮತಿಸುವಲ್ಲಿ ಮುಂದೆ ಸಸ್ಪೆನ್ಶನ್. ಎಂಜಿನ್ನಿನ ಶಕ್ತಿವರ್ಧನೆ ಎಲ್ಲಕ್ಕೂ ಕೊನೆ. ಭಾರತದ ರಸ್ತೆಗಳಲ್ಲಿ ಓಡುವ ಕಾರಿನ ಮಟ್ಟಿಗೆ ಈ ಸಾಲಿನ ಮೊದಲ ಕೆಲವು ಮೆಟ್ಟಿಲುಗಳೇ ಸಾಕು. ಮೂಲ ಅಳತೆಗಳಿಗೆ ಬದ್ಧವಾಗಿರುವವರೆಗೆ ಅವು ಕಾನೂನಿಗೆ ವಿರುದ್ಧವಲ್ಲ, ಕಾರಿನ ಬೆಲೆಯನ್ನು ಕುಂದಿಸುವುದಿಲ್ಲ, ಅಪಘಾತದ ಸಂಭವವನ್ನೂ ತಗ್ಗಿಸುತ್ತವೆ.